ಎರಡೂವರೆ ವರ್ಷ ಮನೆ ಬಾಗಿಲಿಗೆ ಹೂವು ತರಿಸಿದ ಮೇಲೆ: ದಯವಿಟ್ಟು ಹೂವಿಗೆ ನೀರು ಹೊಡೆಯಬೇಡಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ತಕರಾರು ಹೂವಿನ ಮೇಲಲ್ಲ, ಹೂವಿಗೆ ಹೊಡೆಯುವ ನೀರಿನ ಮೇಲೆ. ತೀರ್ಥಹಳ್ಳಿ ಪೇಟೆಯ ಒಂದು ಸಣ್ಣ ಹೂವಿನಂಗಡಿಯಿಂದ ಎರಡೂವರೆ ವರ್ಷದಿಂದ ದಿನಾ ಮನೆಗೆ ಹೂವು ತರಿಸುತ್ತಿದ್ದೇವೆ. ಅಂಗಡಿ ಹೆಸರು ಬರೆಯುವುದಿಲ್ಲ. ನೀರು ಹೊಡೆಯುವುದು ಅವರೊಬ್ಬರ ಅಭ್ಯಾಸವಲ್ಲ, ಅವರೊಬ್ಬರನ್ನೇ ದೂರಿದ ಹಾಗಾಗುವುದು ಬೇಡ. ವಾಟ್ಸಾಪ್‌ನಲ್ಲಿ ಹೇಳುವುದು, ತಿಂಗಳ ಕೊನೆಗೆ ಫೋನ್‌ಪೇ ಮಾಡುವುದು ಇವೆಲ್ಲ ಈಗ ಎಲ್ಲ ಊರಲ್ಲೂ ಒಂದೇ ಥರ, ಅದನ್ನು ಬಿಡಿ.

ನಮ್ಮ ಮನೆಯಲ್ಲಿ ಹೂವು ಕೊಳ್ಳುವ ರೂಢಿಯೇ ಇರಲಿಲ್ಲ. ಹಳ್ಳಿ ಮನೆ ಇರುವುದು ಆಗುಂಬೆ ರಸ್ತೆಯಿಂದ ಒಳಗೆ. ಅಂಗಳದ ಸುತ್ತ ದಾಸವಾಳ, ಬೇಲಿ ಸಾಲಿಗೆ ಗೊರಟೆ, ಬಚ್ಚಲ ಹಿಂದೆ ಜಾಜಿ ಬಳ್ಳಿ, ಮಳೆ ಹಿಡಿದರೆ ಡೇರೆ. ಅತ್ತೆ ಬೆಳಿಗ್ಗೆ ಬುಟ್ಟಿ ಹಿಡಿದು ಒಂದು ಸುತ್ತು ಬಂದರೆ ದೇವರಿಗೂ ಆಯಿತು, ಮುಡಿಯುವುದಕ್ಕೂ ಆಯಿತು. ಮಾವ ಹೋದ ಮೇಲೆ ಅವರ ಕಣ್ಣೂ ಮಂಜಾಯಿತು. ಒಬ್ಬರನ್ನೇ ಅಲ್ಲಿ ಬಿಡಲು ಮನಸ್ಸಾಗದೆ ಪೇಟೆಗೆ ಕರೆದುಕೊಂಡು ಬಂದೆವು. ನನ್ನ ಶಾಲೆಗೆ ಹತ್ತಿರ ಅಂತ ಹಿಡಿದ ಬಾಡಿಗೆ ಮನೆ, ಅದೂ ಮಹಡಿ ಮೇಲೆ. "ಹೂವಿಗೂ ದುಡ್ಡು ಕೊಡೋದಾ ಮಾರಾಯ್ತಿ?" ಅಂತ ಅತ್ತೆ ಒಂದು ವಾರ ಬರೀ ತುಳಸಿ ಕುಡಿಯಲ್ಲೇ ಪೂಜೆ ಮುಗಿಸಿದರು. ಆಮೇಲೆ ನಾನೇ ಅಂಗಡಿಗೆ ಹೋಗಿ ಮಾತಾಡಿ ಬಂದೆ.

ಮಾತಾಡಿದ್ದು ಕಟ್ಟಿದ ಹೂವಿಗಲ್ಲ, ಬಿಡಿ ಹೂವಿಗೆ. ದಿನಕ್ಕೆ 40 ರೂಪಾಯಿಯ ಹೂವು, ಹೆಚ್ಚಾಗಿ ಅಬ್ಬಲಿಗೆ ಮತ್ತು ಮಲ್ಲಿಗೆ ಮೊಗ್ಗು. ಶುಕ್ರವಾರ ಕಾಲು ಕೆಜಿ ಸೇವಂತಿಗೆ ಬೇರೆ. ಬಿಡಿ ಹೂವೇ ಯಾಕೆ ಅಂದರೆ ಅತ್ತೆಗೆ ಅಂಗಡಿಯಲ್ಲಿ ದಾರ ಹಾಕಿ ಕಟ್ಟಿದ್ದು ಆಗುವುದಿಲ್ಲ. ದಾರ ತೊಟ್ಟನ್ನು ಕೊಯ್ಯುತ್ತದೆ, ಬಾಳೆ ನಾರು ಹಿಡಿದುಕೊಳ್ಳುತ್ತದೆ ಅನ್ನುತ್ತಾರೆ ಅವರು. ನಾನು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದೇನೆ. ನಾರಿನಲ್ಲಿ ಕಟ್ಟಿದ ದಂಡೆ ಮಾರನೇ ದಿನವೂ ಬಿಗಿಯಾಗಿರುತ್ತದೆ.

ಬೆಳಿಗ್ಗೆ ಆರೂಕಾಲಿಗೆ ಕೆಳಗೆ ಸ್ಕೂಟಿ ಸದ್ದು. ಹುಡುಗ ಗೇಟಿನ ಚಿಲಕಕ್ಕೆ ಹೂವಿನ ಪೊಟ್ಟಣ ಸಿಕ್ಕಿಸಿ ಒಂದು ಸಲ ಹಾರ್ನ್ ಹೊಡೆದು ಹೋಗುತ್ತಾನೆ. ನಾನು ತಂದು ಕೊಡುವ ಹೊತ್ತಿಗೆ ಅತ್ತೆ ಅಡುಗೆಮನೆ ಬಾಗಿಲಲ್ಲಿ ಕಾಲು ಚಾಚಿ ಕೂತಿರುತ್ತಾರೆ. ಪಕ್ಕದಲ್ಲಿ ತಾಮ್ರದ ಹರಿವಾಣ, ಒಂದು ಲೋಟ ನೀರಲ್ಲಿ ನೆನೆದ ಬಾಳೆ ನಾರು. ನಾರಿನ ಒಂದು ತುದಿ ಕಾಲ ಹೆಬ್ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಎರಡು ಹೂವು ಆ ಕಡೆ, ಎರಡು ಈ ಕಡೆ, ತೊಟ್ಟಿಗೆ ತೊಟ್ಟು ಎದುರಾಗಿ, ಒಂದು ಸುತ್ತು, ಒಂದು ಕುಣಿಕೆ, ಹೆಬ್ಬೆರಳಲ್ಲಿ ಒತ್ತಿ ಹಿಂದಕ್ಕೆ ತಳ್ಳುವುದು. ಕಣ್ಣು ಬೇಕಾಗುವುದೇ ಇಲ್ಲ. ಅಬ್ಬಲಿಗೆಗೆ ವಾಸನೆ ಇಲ್ಲ, ಅದಕ್ಕೆ ನಡುವೆ ನಡುವೆ ಒಂದೊಂದು ಎಸಳು ಪಚ್ಚೆತೆನೆ ಸೇರಿಸುತ್ತಾರೆ. ನಾನು ಚಪಾತಿ ಬೇಯಿಸಿ ಡಬ್ಬಿ ಕಟ್ಟುವುದರೊಳಗೆ ಎರಡು ಮೊಳ ಕಟ್ಟಿ ಮುಗಿದಿರುತ್ತದೆ. ಒಂದು ತುಂಡು ದೇವರಿಗೆ, ಒಂದು ಮಾವನ ಫೋಟೋಗೆ, ಉಳಿದ ಗೇಣುದ್ದ ನನ್ನ ಜಡೆಗೆ. ಹಳ್ಳಿ ಬಿಟ್ಟು ಬಂದ ಮೇಲೆ ಅತ್ತೆಗೆ ಇದು ನನ್ನ ಕೆಲಸ ಅನ್ನುವಂಥದ್ದು ಅದೊಂದೇ ಉಳಿದಿದ್ದು. ಆದ್ದರಿಂದ 40 ರೂಪಾಯಿ ಜಾಸ್ತಿಯಾಯಿತು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಶುರು ಮಾಡಿದ್ದು ಕಾರ್ತಿಕದಲ್ಲಿ. ಚಳಿಗಾಲ ಪೂರ್ತಿ ಹೂವು ಬಹಳ ಚೆನ್ನಾಗಿ ಬಂತು. ಮಾರ್ಚ್‌ನಲ್ಲಿ ಒಂದು ದಿನ ಪೊಟ್ಟಣದ ಜೊತೆ ಇನ್ನೊಂದು ಸಣ್ಣ ಬಾಳೆ ಎಲೆ ಮಡಿಕೆ ಇತ್ತು. ಬಿಚ್ಚುವ ಮುಂಚೆಯೇ ಅತ್ತೆ "ಸುರಗಿ!" ಅಂದರು. ನಾವು ಕೇಳಿರಲಿಲ್ಲ, ದುಡ್ಡೂ ಹಾಕಿರಲಿಲ್ಲ. ಹೂವಿನಕ್ಕನ ತವರಿನ ಕಡೆ ಸುರಗಿ ಮರ ಇದೆಯಂತೆ, ಅಜ್ಜಿ ಇರುವ ಮನೆ ಅಂತ ಕಳಿಸಿದ್ದರು. ಸುರಗಿ ಒಣಗಿದರೂ ವಾಸನೆ ಬಿಡುವುದಿಲ್ಲ, ಗೊತ್ತಲ್ವಾ? ಆ ಮಾಲೆ ಈಗಲೂ ಅತ್ತೆಯ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯಲ್ಲಿದೆ. ಕಂದು ಬಣ್ಣಕ್ಕೆ ತಿರುಗಿ ಗರಿಗರಿ ಆಗಿದೆ, ಮುಚ್ಚಳ ತೆಗೆದರೆ ಕೋಣೆಯೆಲ್ಲ ಘಮ ಅನ್ನುತ್ತದೆ. ಆಗಲೇ ಈ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟು ಮುಗಿಸುತ್ತಿದ್ದೆ.

ಜೂನ್ ಬಂತು. ಬಾಳೆ ಎಲೆ ಹೋಗಿ ಪ್ಲಾಸ್ಟಿಕ್ ಕವರ್ ಬಂತು. ಮಳೆಯಲ್ಲಿ ಸ್ಕೂಟಿಯಲ್ಲಿ ತರುವಾಗ ಕವರ್ ಬೇಕು, ಅದು ಸರಿ. ಆದರೆ ಕವರಿನ ಒಳಗೂ ನೀರು. ಹಿಂದಿನ ಸಂಜೆಯೇ ನೀರು ಚಿಮುಕಿಸಿ, ಕವರಿಗೆ ತುಂಬಿ, ಬಾಯಿ ಬಿಗಿದು ಇಟ್ಟ ಹೂವು. ಅಬ್ಬಲಿಗೆ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿತ್ತು. ಬಿಡಿಸಲು ಹೋದರೆ ಎಸಳು ಹರಿದು ಬೆರಳಿಗೆ ಮೆತ್ತುತ್ತದೆ. ಸೇವಂತಿಗೆ ಮೇಲಿನಿಂದ ನೋಡಿದರೆ ಫಳಫಳ, ತಿರುಗಿಸಿದರೆ ತೊಟ್ಟಿನ ಬುಡ ಕಪ್ಪು. ಒತ್ತೊತ್ತಾಗಿ ಎಸಳಿರುವ ಹೂವದು, ನಡುವೆ ನೀರು ಸೇರಿದರೆ ಹೊರಗೆ ಬರುವುದಿಲ್ಲ, ಅಲ್ಲೇ ಕೊಳೆಯುತ್ತದೆ. ಅತ್ತೆ ಒಂದು ಹೂವು ಎತ್ತಿ ಹರಿವಾಣದ ಮೇಲೆ ಕೊಡವಿದರು. ಟಪಟಪ ನೀರು ಬಿತ್ತು. "ಎಂತ ಹೂವೇ ಇದು, ಹಿಂಡಿದ್ರೆ ಒಂದು ಲೋಟ ನೀರು ಬರ್ತದೆ" ಅಂದರು. ಒದ್ದೆ ತೊಟ್ಟು ನಾರಿನಲ್ಲಿ ನಿಲ್ಲದೆ ಜಾರುತ್ತದೆ. ಅವತ್ತು ಅತ್ತೆ ಅರ್ಧಕ್ಕೇ ನಾರು ಬಿಚ್ಚಿಟ್ಟು ಎದ್ದುಬಿಟ್ಟರು. ಅದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು.

ಅದೇ ಶುಕ್ರವಾರ ಸೇವಂತಿಗೆಯನ್ನು ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟೆ. ಸರಿಯಾಗಿ 250 ಗ್ರಾಂ. ಪೇಪರ್ ಹಾಸಿ ಹರಡಿ ಎರಡು ಗಂಟೆ ಫ್ಯಾನ್ ಕೆಳಗೆ ಬಿಟ್ಟೆ. ಮತ್ತೆ ಇಟ್ಟರೆ 208. ಕಾಲು ಕೆಜಿಗೆ 42 ಗ್ರಾಂ ನೀರಿಗೆ ನಾನು ಹೂವಿನ ರೇಟು ಕೊಟ್ಟಿದ್ದೆ. ಅದರಲ್ಲೂ ಬುಡ ಕಪ್ಪಾದ ಹೂವು ಆರಿಸಿ ತೆಗೆದರೆ ಕಟ್ಟಲು ಸಿಕ್ಕಿದ್ದು ಮುಕ್ಕಾಲು ಪಾಲು ಮಾತ್ರ. ಶಾಲೆಯ ಸಂಬಳದಲ್ಲಿ ಮನೆ ನಡೆಸುವವಳಿಗೆ ಇದು ಸಣ್ಣ ಲೆಕ್ಕವಲ್ಲ.

ಪೇಟೆಗೆ ಹೋಗಿ ಹೇಳಿದೆ. ಸಿಟ್ಟಲ್ಲೇ ಹೋಗಿದ್ದೆ, ನಿಜ. ಹೂವಿನಕ್ಕ ಪೂರ್ತಿ ಕೇಳಿಸಿಕೊಂಡರು. "ಟೀಚರೇ, ನೀರು ಹಾಕ್ದಿದ್ರೆ ಬಾಡಿದಂಗೆ ಕಾಣ್ತದೆ. ಜನ ಮುಟ್ಟೋದೇ ಇಲ್ಲ" ಅಂದರು. ಶಿವಮೊಗ್ಗ ಮಾರ್ಕೆಟ್ಟಿನಿಂದ ಬರುವ ಸೇವಂತಿಗೆ ಮೂಟೆಗೇ ಅಲ್ಲಿ ಒಂದು ಸಲ ನೀರು ಬಿದ್ದಿರುತ್ತದಂತೆ. ಬಯಲುಸೀಮೆಯಿಂದ ಬರುವ ಹೂವಿಗೆ ದಾರಿಯ ಬಿಸಿಲಿಗೆ ಅಂತ ಹಾಕುವ ನೀರು ಅದು. ಆದರೆ ಮಲೆನಾಡಿನ ಮಳೆಗಾಲದ ಗಾಳಿಯೇ ಒದ್ದೆ. ಇಲ್ಲಿ ಒಗೆದ ಬಟ್ಟೆಯೇ ನಾಲ್ಕು ದಿನ ಒಣಗುವುದಿಲ್ಲ, ಹೂವು ಹೇಗೆ ಒಣಗಬೇಕು? ಇಷ್ಟು ಹೇಳಿದ್ದಕ್ಕೆ ಅವರು ತಲೆಯಾಡಿಸಿದರು. ಕೊನೆಗೆ ಒಂದು ಒಪ್ಪಂದವಾಯಿತು. ನಮ್ಮ ಪಾಲಿನ ಹೂವನ್ನು ಸಂಜೆ ಮೂಟೆ ಬಿಚ್ಚಿದ ತಕ್ಷಣ ಬೇರೆ ತೆಗೆದು, ಗೋಣಿ ಮೇಲೆ ಹರಡಿ, ಆಮೇಲೆ ಬಾಳೆ ಎಲೆಯಲ್ಲಿ ಸುತ್ತಿಡುವುದು. ಮಳೆ ಇದ್ದರೆ ಎಲೆಯ ಹೊರಗೆ ಕವರ್. ಆರಿದ ಮೇಲೆ ತೂಕ. ಈ ಕೆಲಸಕ್ಕೆ ಸೇವಂತಿಗೆಗೆ 10 ರೂಪಾಯಿ ಜಾಸ್ತಿ ಕೊಡುತ್ತೇನೆ. ಖುಷಿಯಿಂದಲೇ ಕೊಡುತ್ತೇನೆ.

ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಸರಿ ಬಂದಿದೆ. ಹೆಚ್ಚುಕಡಿಮೆ ಅಂದೆ, ಯಾಕೆಂದರೆ ಹುಡುಗ ಬದಲಾದಾಗ, ಹಬ್ಬದ ಗಲಾಟೆಯಲ್ಲಿ, ಮತ್ತೆ ಒದ್ದೆ ಪೊಟ್ಟಣ ಬರುತ್ತದೆ. ಪ್ರತಿ ಸಲ ಫೋಟೋ ತೆಗೆದು ಕಳಿಸುತ್ತೇನೆ, ಪ್ರತಿ ಸಲ ಆ ದಿನದ ದುಡ್ಡು ಬಿಡುತ್ತಾರೆ. ವಾದ ಮಾಡಿದ್ದು ಒಂದು ಸಲವೂ ಇಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಹಬ್ಬಕ್ಕೆ ನಾವು ಶಂಕರಪುರ ಮಲ್ಲಿಗೆ ಹೇಳುತ್ತೇವೆ. ಉಡುಪಿ ಕಡೆಯಿಂದ ಆಗುಂಬೆ ಘಾಟಿ ಹತ್ತಿ ಬಸ್ಸಿನಲ್ಲಿ ಬರುವ ಹೂವು ಅದು. ಅಲ್ಲಿಯವರೇ ಬಾಳೆ ನಾರಿನಲ್ಲಿ ಕಟ್ಟಿ ಬಾಳೆ ಎಲೆಯಲ್ಲಿ ಸುತ್ತಿ ಕಳಿಸುತ್ತಾರೆ. 4 ಚೆಂಡು ಸೇರಿದರೆ ಒಂದು ಅಟ್ಟೆ, ಒಂದು ಚೆಂಡಿಗೆ ಸುಮಾರು 800 ಹೂವು. ಅತ್ತೆ ಬೇರೆಯವರು ಕಟ್ಟಿದ್ದನ್ನು ಒಪ್ಪಿಕೊಳ್ಳುವುದು ಅದೊಂದನ್ನೇ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಕಾಲು ಚೆಂಡು ಹೇಳಿದ್ದೆವು. ಬಂದಿದ್ದು ಕಾಕಡ. ನೋಡಲು ಬಿಳಿ, ಅತ್ತೆ ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟರು. ಮಲ್ಲಿಗೆ ಬಂದಿರಲಿಲ್ಲವಂತೆ. ಮಳೆಗಾಲದಲ್ಲಿ ಮಲ್ಲಿಗೆ ಗಿಡದಲ್ಲೇ ಕಡಿಮೆ, ಅದು ಯಾರ ತಪ್ಪೂ ಅಲ್ಲ. ಹಿಂದಿನ ರಾತ್ರಿ "ಇಲ್ಲ" ಅಂತ ಒಂದು ಮೆಸೇಜ್ ಹಾಕಿದ್ದರೆ ಪಕ್ಕದ ಮನೆಯ ಜಾಜಿಯನ್ನಾದರೂ ಕೇಳುತ್ತಿದ್ದೆ. ಅದನ್ನೂ ಹೇಳಿದ್ದೇನೆ. ಈಗ ಬದಲಿ ಹೂವು ಹಾಕುವ ಮುಂಚೆ ಕೇಳುತ್ತಾರೆ.

ಖರ್ಚು: ಮಾಮೂಲಿ ತಿಂಗಳಿಗೆ 1,500ರಿಂದ 1,700 ರೂಪಾಯಿ. ಶ್ರಾವಣದಲ್ಲಿ ಒಂದು ಸಲ 2,300 ಮುಟ್ಟಿತ್ತು. ಬೇಸಿಗೆಯಲ್ಲಿ ಮಲ್ಲಿಗೆ ಅಗ್ಗ, ಅದೇ 40 ರೂಪಾಯಿಗೆ ಹರಿವಾಣ ತುಂಬುತ್ತದೆ. ಬೊಕೆ, ಹೂಗುಚ್ಛ ಬೇಕಾದವರಿಗೆ ಈ ಅಂಗಡಿ ಅಲ್ಲ. ನನ್ನ ತಮ್ಮ ಬೆಂಗಳೂರಿನಿಂದ ಆನ್‌ಲೈನ್‌ನಲ್ಲಿ ಒಂದು ಸಲ ಜರ್ಬೆರಾ ಬೊಕೆ ಕಳಿಸಿದ್ದ. ಚೆಂದವಿತ್ತು, ಆದರೆ ಅದರಲ್ಲಿ ಕಟ್ಟಲು ಏನೂ ಇರಲಿಲ್ಲ.

ಹೊಸದಾಗಿ ತರಿಸುವವರು ಮೊದಲ ದಿನವೇ ಬಾಯಿಬಿಟ್ಟು ಹೇಳಿ: ನೀರು ಹೊಡೆಯದ ಹೂವು ಬೇಕು, ಬಾಳೆ ಎಲೆಯಲ್ಲಿ ಬೇಕು. ಸ್ವಲ್ಪ ಬಾಡಿದ ಹಾಗೆ ಕಂಡರೂ ಪರವಾಗಿಲ್ಲ ಅನ್ನಿ. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆ ಮುಚ್ಚಿಟ್ಟರೆ ಅರ್ಧ ಗಂಟೆಯಲ್ಲಿ ಎದ್ದು ಕೂರುತ್ತದೆ. ಹಣ್ಣಾಗುತ್ತಿರುವ ಬಾಳೆಗೊನೆ ಪಕ್ಕ ಮಾತ್ರ ಇಡಬೇಡಿ. ಹಣ್ಣಿನಿಂದ ಬರುವ ಅನಿಲಕ್ಕೆ ಹೂವು ಬೇಗ ಬಾಡುತ್ತದೆ.

ಈಗ ಮೇ ಮುಗಿಯುತ್ತಾ ಬಂತು. ಈ ಸಲ ಜೂನ್ ಮಧ್ಯದಿಂದ ಗಣೇಶ ಚೌತಿಯವರೆಗೆ ಶುಕ್ರವಾರ ಮಾತ್ರ ಅಂತ ಹೇಳಿದ್ದೇನೆ. ಹಳ್ಳಿ ಮನೆಯಿಂದ ತಂದ ಡೇರೆ ಗಡ್ಡೆ ನಾಲ್ಕು ಪೇಂಟ್ ಡಬ್ಬದಲ್ಲಿದೆ, ಎರಡು ಚಿಗುರಿದೆ. ಉಳಿದ ದಿನಕ್ಕೆ ಅದು ಸಾಕು ಅನ್ನುತ್ತಾರೆ ಅತ್ತೆ.

ನಿನ್ನೆ ಶುಕ್ರವಾರ. ಸೇವಂತಿಗೆ ಕೊಡವಿದರೆ ಒಂದು ಹನಿಯೂ ಬೀಳಲಿಲ್ಲ. ಅತ್ತೆ ಎರಡೂವರೆ ಮೊಳ ಕಟ್ಟಿ, ಅದರಲ್ಲಿ ಒಂದು ತುಂಡು "ಆ ಹೂವಿನವಳಿಗೆ ಕೊಡು, ಅವಳು ಮುಡಿದಿದ್ದನ್ನು ಯಾರು ಕಂಡಿದಾರೆ" ಅಂತ ಎಲೆಯಲ್ಲಿ ಸುತ್ತಿ ಕೊಟ್ಟರು. ಸಂಜೆ ಪೇಟೆಗೆ ಹೋದಾಗ ಕೊಟ್ಟೆ. ಅಕ್ಕ ಕೈ ಒರೆಸಿಕೊಂಡು ಮುಡಿದುಕೊಂಡರು. ಆಮೇಲೆ ಅಭ್ಯಾಸದಂತೆ ಮಗ್ಗಿಗೆ ಕೈ ಹಾಕಿ ಮುಂದಿದ್ದ ರಾಶಿಗೆ ನೀರು ಚಿಮುಕಿಸಲು ಹೋದರು. "ಅಕ್ಕಾ, ಅದಕ್ಕೂ ಬೇಡ" ಅಂದೆ. ಒಂದು ಗಳಿಗೆ ನನ್ನನ್ನೇ ನೋಡಿ ಮಗ್ಗು ಕೆಳಗಿಟ್ಟರು.