‘ಮೊದಲು ಈ ಗೀಳು ಬಿಡಿಸಿ’ ಎನ್ನುವ ಥೆರಪಿ ಕೇಂದ್ರ, ‘ಸ್ವಇಚ್ಛೆಯ’ ಟಿಸಿ ಕೇಳುವ ಶಾಲೆ: ಪೋಷಕರಿಗೆ ಒಂದು ಎಚ್ಚರಿಕೆ

ಆಟಿಸಂ ಇರುವ ಪುಟ್ಟ ಮಕ್ಕಳ ತಂದೆತಾಯಂದಿರಿಗಾಗಿ, ಅದರಲ್ಲೂ ಮಗುವನ್ನು ಈಗಷ್ಟೇ ಒಂದನೇ ತರಗತಿಗೆ ಸೇರಿಸಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮಗುವಿಗೆ ಯಾವುದಾದರೂ ಒಂದು ವಸ್ತುವಿನ ಮೇಲೆ ವಿಪರೀತ ಆಸಕ್ತಿ ಇದ್ದು, ‘ಮೊದಲು ಈ ಗೀಳು ಬಿಡಿಸೋಣ, ಆಮೇಲೆ ಮಾತು, ಓದು ಎಲ್ಲ ತಾನಾಗಿಯೇ ಬರುತ್ತದೆ’ ಎಂದು ಯಾವುದಾದರೂ ಥೆರಪಿ ಕೇಂದ್ರ ಭರವಸೆ ಕೊಟ್ಟರೆ ದಯವಿಟ್ಟು ಮಗುವನ್ನು ಅಲ್ಲಿಗೆ ಒಪ್ಪಿಸಬೇಡಿ. ಆ ಆಸಕ್ತಿ ನಿಂತರೆ ಮಾತ್ರ ಮಗುವನ್ನು ಉಳಿಸಿಕೊಳ್ಳುತ್ತೇವೆ ಎನ್ನುವ ಶಾಲೆ ಮುಂದಿಡುವ ಯಾವ ಕಾಗದಕ್ಕೂ ಆಫೀಸಿನಲ್ಲೇ ಕುಳಿತು ಸಹಿ ಹಾಕಬೇಡಿ. ಮೈಸೂರಿನಲ್ಲಿ ನಮಗೆ ಇವೆರಡೂ ಒಟ್ಟೊಟ್ಟಿಗೇ ಎದುರಾದವು, ಮತ್ತು ಅದರ ಪರಿಣಾಮವನ್ನು ನಮ್ಮ ಮಗ ಇಂದಿಗೂ ಅನುಭವಿಸುತ್ತಿದ್ದಾನೆ.

ಅವನಿಗೆ ಈಗ ಆರು ವರ್ಷ. ಆಟಿಸಂ ಇರುವುದು ಖಚಿತವಾದದ್ದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನಡೆದ ತಪಾಸಣೆಯಲ್ಲಿ. ಸೀಲಿಂಗ್ ಫ್ಯಾನ್ ಎಂದರೆ ಅವನಿಗೆ ಪ್ರಾಣ. ಯಾರ ಮನೆಗೆ ಹೋದರೂ ಮೊದಲು ಕತ್ತೆತ್ತಿ ನೋಡಿ, ಅದು 1200 ಮಿಲಿಮೀಟರಿನದೋ 900ರದೋ ಎಂದು ನಿಂತಲ್ಲೇ ಹೇಳುತ್ತಾನೆ. ಹಳೆಯ ಫ್ಯಾನು 75 ವ್ಯಾಟ್ ತಿನ್ನುತ್ತದೆ, ಕರೆಂಟ್ ಉಳಿಸುವ ಹೊಸ ಬಗೆಯ ಬಿಎಲ್‌ಡಿಸಿ ಆದರೆ 28 ಸಾಕು ಎಂದು ಬಂದ ನೆಂಟರಿಗೆ ವಿವರಿಸುತ್ತಾನೆ. ಫ್ಯಾನು ನಿಧಾನವಾದರೆ ‘ಕಂಡೆನ್ಸರ್ ಹೋಗಿದೆ, ಎರಡೂವರೆಯದು ಹಾಕಿ’ ಎನ್ನುತ್ತಾನೆ, ಮತ್ತು ಹೆಚ್ಚಿನ ಸಲ ಅವನ ಮಾತು ನಿಜವೇ ಆಗಿರುತ್ತದೆ. ‘ನಿನ್ನ ಹೆಸರೇನು ಪುಟ್ಟ’ ಎಂದು ಯಾರಾದರೂ ಕೇಳಿದರೆ ಮುಖ ತಿರುಗಿಸುತ್ತಿದ್ದ ಮಗು ಅಂಕಿಗಳನ್ನು ಕಲಿತದ್ದು ರೆಗ್ಯುಲೇಟರಿನಿಂದ, ಇಂಗ್ಲಿಷ್ ಅಕ್ಷರಗಳನ್ನು ಗುರುತಿಸಿದ್ದು ಉಷಾ, ಕ್ರಾಂಪ್ಟನ್, ಓರಿಯಂಟ್ ಫ್ಯಾನುಗಳ ಡಬ್ಬಿಗಳ ಮೇಲೆ.

ಆ ರೆಗ್ಯುಲೇಟರಿನಿಂದ ಇನ್ನೂ ದೊಡ್ಡ ಉಪಕಾರವೊಂದು ಆಗಿತ್ತು. ಮೊದಲು ಅವನನ್ನು ನೋಡುತ್ತಿದ್ದ ಸ್ಪೀಚ್ ಥೆರಪಿಸ್ಟ್ ಒಂದು ರಟ್ಟಿನ ಮೇಲೆ ರೆಗ್ಯುಲೇಟರಿನ ಚಿತ್ರ ಬರೆದು, ಒಂದರಿಂದ ಐದರವರೆಗಿನ ಅಂಕಿಗಳಲ್ಲಿ ತನ್ನ ಒಳಗಿನ ಸ್ಥಿತಿಯನ್ನು ಹೇಳಲು ಅವನಿಗೆ ಕಲಿಸಿದ್ದರು. ಒಂದು ಎಂದರೆ ಆರಾಮ, ಮೂರು ಎಂದರೆ ಕಿರಿಕಿರಿ, ಐದು ಎಂದರೆ ಇನ್ನು ತಡೆಯಲಾಗುವುದಿಲ್ಲ. ಮದುವೆಮನೆಯ ವಾಲಗದ ನಡುವೆ ಅವನು ನನ್ನ ಸೆರಗು ಜಗ್ಗಿ ‘ಅಮ್ಮ, ನಾಲ್ಕಕ್ಕೆ ಬಂತು’ ಎಂದದ್ದುಂಟು. ನಾವು ಎದ್ದು ಹೊರಗೆ ಕರೆದುಕೊಂಡು ಹೋಗಿ ಸ್ವಲ್ಪ ಹೊತ್ತು ಮರದ ಕೆಳಗೆ ಕುಳಿತರೆ ಅಲ್ಲಿಗೆ ಎಲ್ಲ ಶಾಂತವಾಗುತ್ತಿತ್ತು. ನೋವು, ಭಯ, ಸಿಟ್ಟು ಎಂಬ ಮಾತುಗಳು ಇನ್ನೂ ಬಾರದ ಮಗುವಿಗೆ ತನ್ನ ಕಷ್ಟ ಹೇಳಿಕೊಳ್ಳಲು ಇದ್ದದ್ದು ಅದೊಂದೇ ದಾರಿ.

ಶಾಲೆಯಲ್ಲಿ ತೊಂದರೆ ಶುರುವಾದದ್ದು ಒಂದನೇ ತರಗತಿಯಲ್ಲಿ. ‘ಮೇಲೆ ನೋಡುತ್ತಾನೆ, ಕಿವಿ ಮುಚ್ಚಿಕೊಳ್ಳುತ್ತಾನೆ, ಬರೆಯುವುದಿಲ್ಲ, ಬೆಂಚಿನಿಂದ ಎದ್ದು ಓಡುತ್ತಾನೆ’ ಎಂದು ಡೈರಿಯಲ್ಲಿ ದಿನವೂ ಒಂದೇ ದೂರು. ಪೋಷಕರ ಸಭೆಗೆ ಹೋದಾಗ ಆ ಕೊಠಡಿಯಲ್ಲಿ ನಾನೇ ಕುಳಿತು ನೋಡಿದೆ: ಅವನ ಬೆಂಚಿನ ಮೇಲಿದ್ದ ಫ್ಯಾನು ಪ್ರತಿ ಸುತ್ತಿಗೂ ಟಕ್ ಟಕ್ ಎಂದು ಬಡಿದುಕೊಳ್ಳುತ್ತ ಸಣ್ಣಗೆ ಓಲಾಡುತ್ತಿತ್ತು. ನಮ್ಮ ಕಿವಿಗೆ ಐದು ನಿಮಿಷದಲ್ಲಿ ರೂಢಿಯಾಗಿಬಿಡುವ ಆ ಸದ್ದು ಅವನ ಕಿವಿಗೆ ರೂಢಿಯಾಗುವುದೇ ಇಲ್ಲ. ಜೊತೆಗೆ, ಆ ಫ್ಯಾನು ಸರಿಯಿಲ್ಲ, ಬೀಳಬಹುದು ಎಂಬ ಭಯವೂ ಅವನಿಗಿತ್ತು, ಏಕೆಂದರೆ ಆ ಕೊಠಡಿಯಲ್ಲಿ ಫ್ಯಾನಿನ ಬಗ್ಗೆ ಅವನಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲ. ಬೆಂಚು ಬದಲಿಸಿ, ಸಾಧ್ಯವಾದರೆ ಫ್ಯಾನಿನ ಸ್ಕ್ರೂ ಬಿಗಿ ಮಾಡಿಸಿ ಎಂದು ನಾವು ಪತ್ರ ಕೊಟ್ಟೆವು. ಅದಕ್ಕೆ ಉತ್ತರ ಬರಲಿಲ್ಲ. ಬದಲಿಗೆ, ತಾವು ಸೂಚಿಸಿದ ಒಂದು ಖಾಸಗಿ ಥೆರಪಿ ಕೇಂದ್ರಕ್ಕೆ ಸೇರಿಸಿ, ಅಲ್ಲಿಂದ ‘ಫ್ಯಾನಿನ ಅಭ್ಯಾಸ ನಿಂತಿದೆ’ ಎಂದು ವರದಿ ತರಬೇಕು, ಇಲ್ಲವಾದರೆ ಮುಂದುವರಿಸುವುದು ಕಷ್ಟ ಎಂದು ಹೇಳಿದರು.

ಆ ಕೇಂದ್ರದ ಪದ್ಧತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದೇ ಮಾತುಗಳನ್ನು ನೀವೂ ಕೇಳಬಹುದು. ಥೆರಪಿ ನಡೆಯುವಾಗ ಬಾಗಿಲು ಹಾಕಿರುತ್ತದೆ, ತಾಯಿ ಒಳಗಿದ್ದರೆ ಮಗು ‘ನಾಟಕ’ ಮಾಡುತ್ತದೆ ಎಂಬುದು ಅವರ ಕಾರಣ. ಮೂರು ತಿಂಗಳ ಶುಲ್ಕವನ್ನು ಮುಂಗಡವಾಗಿ ಕಟ್ಟಿಸಿಕೊಳ್ಳುತ್ತಾರೆ. ಫ್ಯಾನಿನ ಮಾತೆತ್ತಿದರೆ ಯಾರೂ ಉತ್ತರಿಸಬಾರದು, ಮತ್ತೆ ಮತ್ತೆ ಹೇಳಿದರೆ ಅವನನ್ನು ಗೋಡೆಗೆ ಮುಖ ಮಾಡಿ ಕೂರಿಸಬೇಕು, ಮನೆಯಲ್ಲಿರುವ ಫ್ಯಾನಿನ ಚಿತ್ರಗಳನ್ನೂ ಡಬ್ಬಿಗಳನ್ನೂ ತೆಗೆದುಬಿಡಬೇಕು ಎಂಬುದು ನಿಯಮ. ರೆಗ್ಯುಲೇಟರಿನ ಆ ರಟ್ಟನ್ನು ತೋರಿಸಿ, ಇದು ಆಟಿಕೆಯಲ್ಲ, ಅವನು ಸಂಕಟ ಹೇಳಿಕೊಳ್ಳುವ ರೀತಿ ಎಂದು ನಾನು ವಿವರಿಸಿದಾಗ, ‘ಗೀಳನ್ನು ನೀವೇ ಪೋಷಿಸುತ್ತಿದ್ದೀರಿ ಮೇಡಂ’ ಎಂದು ಅದನ್ನು ತೆಗೆದಿಟ್ಟುಕೊಂಡರು.

ಫ್ಯಾನಿನ ಮಾತು ನಿಜಕ್ಕೂ ನಿಂತಿತು. ಅದರ ಜೊತೆಗೆ ಉಳಿದ ಮಾತೂ ನಿಂತಿತು. ಕೆಲವೇ ವಾರಗಳಲ್ಲಿ ಅವನು ‘ನೀರು’, ‘ಬೇಡ’ ಎಂಬೆರಡು ಪದಗಳಿಗೆ ಇಳಿದ. ರಾತ್ರಿ ಬೆಚ್ಚಿ ಎದ್ದು ಕೂರುತ್ತಿದ್ದ. ಮೊದಲು ‘ಐದು, ಐದು’ ಎಂದು ಹೇಳುತ್ತಿದ್ದ ಕಡೆಗಳಲ್ಲೆಲ್ಲ ಈಗ ಏನೂ ಹೇಳದೆ ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುತ್ತಿದ್ದ. ಹೆಬ್ಬೆರಳಿನ ಬುಡದಲ್ಲಿ ಹಲ್ಲಿನ ಗುರುತು ಮಾಯುವ ಮೊದಲೇ ಅದೇ ಜಾಗದಲ್ಲಿ ಮತ್ತೊಂದು ಗುರುತು ಬೀಳುತ್ತಿತ್ತು. ಕೇಂದ್ರದವರು ಕೊಟ್ಟ ವರದಿಯಲ್ಲಿ ಮಾತ್ರ ‘ಗಮನಾರ್ಹ ಸುಧಾರಣೆ’ ಎಂದಿತ್ತು, ಏಕೆಂದರೆ ಅವರು ಅಳೆಯುತ್ತಿದ್ದದ್ದು ಅವನು ಫ್ಯಾನ್ ಎಂಬ ಪದವನ್ನು ಎಷ್ಟು ಸಲ ಹೇಳಿದ ಎಂಬುದನ್ನಷ್ಟೇ. ನಾವು ಅಲ್ಲಿಗೆ ಕಳುಹಿಸುವುದನ್ನು ನಿಲ್ಲಿಸಿದೆವು. ಮುಂಗಡದಲ್ಲಿ ಉಳಿದ ಹಣ ಇದುವರೆಗೂ ವಾಪಸು ಬಂದಿಲ್ಲ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿ ತಿಳಿದಿರಲಿ. ಒಂದೇ ವಿಷಯದಲ್ಲಿ ತೀವ್ರವಾದ ಆಸಕ್ತಿ ಇರುವುದು ಮತ್ತು ಸದ್ದು, ಬೆಳಕು, ಸ್ಪರ್ಶಗಳಿಗೆ ಮೈ ಹೆಚ್ಚಾಗಿ ಅಥವಾ ಕಡಿಮೆಯಾಗಿ ಪ್ರತಿಕ್ರಿಯಿಸುವುದು, ಇವೆರಡೂ 2013ರಲ್ಲಿ ಹೊರಬಂದ, ಇಂಥ ಸ್ಥಿತಿಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಆಟಿಸಂನ ಲಕ್ಷಣಗಳ ಪಟ್ಟಿಯಲ್ಲೇ ಇವೆ. ಇವು ಮುದ್ದು ಮಾಡಿ ಕೆಡಿಸಿದ್ದರಿಂದಾಗಲಿ, ಮೊಬೈಲಿನಿಂದಾಗಲಿ ಬಂದ ದುರಭ್ಯಾಸವಲ್ಲ. ಊಟ, ನಿದ್ದೆಗೆ ಅಡ್ಡಿಯಾಗುವಷ್ಟಾದರೆ ಆಸಕ್ತಿಗೆ ಹೊತ್ತುಗೊತ್ತು ನಿಗದಿ ಮಾಡುವುದು ಬೇರೆ, ಅದನ್ನು ಬೇರುಸಹಿತ ಕೀಳುವುದು ಬೇರೆ. ಒಳ್ಳೆಯ ಥೆರಪಿಸ್ಟ್ ಆ ಆಸಕ್ತಿಯ ಮೂಲಕವೇ ಮಗುವಿನ ಬಳಿಗೆ ಹೋಗುತ್ತಾರೆ, ಮತ್ತು ಅದು ನಡೆಯುವುದನ್ನು ನಮ್ಮ ಕಣ್ಣಾರೆ ನೋಡಿದ್ದೇವೆ.

ಇನ್ನು ಶಾಲೆಯ ಕಾಗದದ ವಿಚಾರ. ಮಗನ ಸ್ಥಿತಿ ಹದಗೆಟ್ಟಿರುವುದನ್ನು ಹೇಳಲು ಹೋದ ದಿನ ಆಫೀಸಿನಲ್ಲಿ ಮೊದಲೇ ಟೈಪ್ ಮಾಡಿಟ್ಟ ಒಂದು ಪತ್ರವನ್ನು ನಮ್ಮ ಮುಂದಿಟ್ಟರು. ‘ವೈಯಕ್ತಿಕ ಕಾರಣಗಳಿಂದಾಗಿ ಸ್ವಇಚ್ಛೆಯಿಂದ ಮಗುವಿನ ಟಿಸಿ ಪಡೆಯುತ್ತಿದ್ದೇವೆ’ ಎಂಬುದು ಅದರ ಸಾರಾಂಶ. ಈಗಲೇ ಸಹಿ ಹಾಕಿದರೆ ಉಳಿದ ಶುಲ್ಕ ವಾಪಸು ಕೊಡುತ್ತೇವೆ, ಟಿಸಿಯಲ್ಲಿ ಏನೂ ಬರೆಯುವುದಿಲ್ಲ ಎಂದರು. ಮನೆಗೆ ಒಯ್ದು ಓದಿ ಹೇಳುತ್ತೇವೆ ಎಂದು ನನ್ನ ಯಜಮಾನರು ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡರು. ಅದಕ್ಕೆ ನಾವು ಸಹಿ ಹಾಕಲಿಲ್ಲ. ಸಹಿ ಹಾಕಿದ್ದರೆ ಮಗುವನ್ನು ಹೊರಹಾಕಿದ್ದು ಶಾಲೆ ಎಂಬುದಕ್ಕೆ ಯಾವ ದಾಖಲೆಯೂ ಉಳಿಯುತ್ತಿರಲಿಲ್ಲ. ಯಾವ ಅಧಿಕಾರಿಯ ಬಳಿ ಹೋದರೂ ‘ನೀವೇ ಬಿಡಿಸಿಕೊಂಡಿದ್ದೀರಲ್ಲ’ ಎಂಬ ಉತ್ತರ ಸಿಗುತ್ತಿತ್ತು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಸರ್ಕಾರದಿಂದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಅವರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಎಂದು ಅದರ 16ನೇ ಕಲಂ ಹೇಳುತ್ತದೆ. ಬೆಂಚು ಬದಲಿಸುವುದು ಇಂಥದ್ದೇ ಹೊಂದಾಣಿಕೆ, ಮತ್ತು ಅದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ. ಕನಿಷ್ಠ ಶೇ 40ರಷ್ಟು ವೈಕಲ್ಯ ಇದೆ ಎಂಬ ಪ್ರಮಾಣಪತ್ರ ಇದ್ದರೆ ಮಾತ್ರ ಇದೆಲ್ಲ ಎಂದು ಕೆಲವರು ಹೇಳುತ್ತಾರೆ. ಆ ಮಿತಿ ಇರುವುದು 31ನೇ ಕಲಮಿನ ಉಚಿತ ಶಿಕ್ಷಣದಂಥ ಸೌಲಭ್ಯಗಳಿಗೆ, 16ನೇ ಕಲಮಿಗಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ, ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಹಿಂಸೆಯನ್ನಾಗಲಿ ಕೊಡುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆಯಾದರೂ, ಮಾನ್ಯತೆ ಇರುವ ಶಾಲೆಯಾದರೆ 2016ರ ಕಾಯ್ದೆಯ ಹೊಣೆ ಅದಕ್ಕೂ ಇದ್ದೇ ಇರುತ್ತದೆ.

ನಾವು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆವು. ಅದರ ನಂತರವೇ ಬೆಂಚು ಬದಲಾಯಿತು. ಅಲ್ಲಿ ಕೆಲಸವಾಗದಿದ್ದರೆ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಬಳಿಗೂ, ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರ ಬಳಿಗೂ ಹೋಗಬಹುದು. ಎಲ್ಲಿಗೆ ಹೋದರೂ ಕೇಳುವುದು ಕಾಗದವನ್ನೇ. ಆದ್ದರಿಂದ ಶಾಲೆಯವರು ಫೋನಿನಲ್ಲೋ ಗೇಟಿನ ಬಳಿಯೋ ಹೇಳಿದ್ದನ್ನು ಅದೇ ದಿನ ‘ನೀವು ಹೀಗೆ ಹೇಳಿದಿರಿ’ ಎಂದು ಇ-ಮೇಲ್ ಮಾಡಿ. ಡೈರಿಯ ಪುಟಗಳ ಫೋಟೊ ತೆಗೆದಿಡಿ.

ಮಗನನ್ನು ಈಗ ಮತ್ತೆ ಹಳೆಯ ಸ್ಪೀಚ್ ಥೆರಪಿಸ್ಟ್ ನೋಡುತ್ತಿದ್ದಾರೆ. ಹೊಸ ರಟ್ಟು ಮಾಡಿಕೊಟ್ಟಿದ್ದಾರೆ. ಅವನು ಅದನ್ನು ಮುಟ್ಟುವ ಮೊದಲು ನಮ್ಮ ಮುಖ ನೋಡುತ್ತಾನೆ, ಬೈಯುತ್ತಾರೇನೋ ಎಂದು. ಆ ಅಂಜಿಕೆ ಹೋಗಲು ಸಮಯ ಬೇಕು ಎಂದಿದ್ದಾರೆ.

ಹೊಸ ಕೇಂದ್ರ ಹುಡುಕುತ್ತಿರುವವರು ಹಣ ಕಟ್ಟುವ ಮೊದಲೇ ಇಷ್ಟನ್ನು ಕೇಳಿಕೊಳ್ಳಿ. ಸ್ಪೀಚ್ ಥೆರಪಿಸ್ಟ್, ಸ್ಪೆಷಲ್ ಎಜುಕೇಟರ್, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಕೊಡಲು ಹಿಂಜರಿದರೆ ಎದ್ದು ಬನ್ನಿ. ಆಕ್ಯುಪೇಷನಲ್ ಥೆರಪಿಸ್ಟರು ಆ ಪರಿಷತ್ತಿನ ವ್ಯಾಪ್ತಿಗೆ ಬರುವುದಿಲ್ಲ, ಹಾಗಾಗಿ ಅವರ ಪದವಿಯನ್ನೂ ಅದು ಯಾವ ಕಾಲೇಜಿನದೆಂಬುದನ್ನೂ ಕೇಳಿ. ಥೆರಪಿ ನಡೆಯುವಾಗ ಒಳಗೆ ಕೂರಲು, ಕನಿಷ್ಠ ಗಾಜಿನ ಕಿಟಕಿಯಿಂದ ನೋಡಲು ಬಿಡುತ್ತಾರೆಯೇ ಎಂದು ಕೇಳಿ. ಮಗುವಿನ ಆಸಕ್ತಿ ಯಾವುದೆಂದು ಹೇಳಿ, ಅದನ್ನು ಅವರು ಏನು ಮಾಡುತ್ತಾರೆ ಎಂದು ಕೇಳಿ. ಶುಲ್ಕವನ್ನು ತಿಂಗಳಿಗೊಮ್ಮೆ ಮಾತ್ರ ಕಟ್ಟಿ, ರಸೀದಿ ಇಲ್ಲದೆ ಕೊಡಬೇಡಿ.