ತಾನೇ ಬಿಚ್ಚಿಕೊಳ್ಳುವ ಇನ್‌ಸ್ಟಾಲರ್: ಐಎಕ್ಸ್‌ಪ್ರೆಸ್ಸೋ, ಶೆಲ್ ಸ್ಕ್ರಿಪ್ಟೋ?

ಹೊರಗಿನ ತಂತ್ರಾಂಶ ಯಾವುದನ್ನೂ ಇಳಿಸಿಕೊಳ್ಳಬಾರದು; ಪಡೆದವರು ಒಂದೇ ಫೈಲನ್ನು ಚಲಾಯಿಸಿದರೆ ಕೆಲಸ ಮುಗಿಯಬೇಕು. ನಾನೇ ಬರೆದ ಸಣ್ಣ ಪ್ರೋಗ್ರಾಮೊಂದನ್ನು ಈ ಷರತ್ತಿನ ಮೇಲೆ ವಿಂಡೋಸ್‌ನಲ್ಲಿಯೂ ಲಿನಕ್ಸ್‌ನಲ್ಲಿಯೂ ತಾನೇ ಬಿಚ್ಚಿಕೊಂಡು ಸ್ಥಾಪನೆಯಾಗುವ ಒಂದೇ ಫೈಲಾಗಿ ಕಟ್ಟಿ ನೋಡಿದೆ.

ವಿಂಡೋಸ್‌ನ ಐಎಕ್ಸ್‌ಪ್ರೆಸ್ ಎಂಬ ಕಟ್ಟುವ ಸಾಧನ ವ್ಯವಸ್ಥೆಯ ಸಿಸ್ಟಮ್32 ಫೋಲ್ಡರಿನಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ಮೆನುವಿನಲ್ಲಿ ಕಾಣದು, ಹೆಸರು ಟೈಪ್ ಮಾಡಿ ಕರೆಯಬೇಕು. ಯಾವ ಫೈಲುಗಳು, ಬಿಚ್ಚಿದ ಮೇಲೆ ಯಾವ ಆದೇಶ, ಕೊನೆಗೆ ಏನು ಸಂದೇಶ ಎಂದು ಒಂದೊಂದಾಗಿ ಕೇಳಿ ಇಎಕ್ಸ್‌ಇ ಫೈಲನ್ನು ಕೈಗಿಡುತ್ತದೆ. ನಮ್ಮ ಉತ್ತರಗಳನ್ನೆಲ್ಲ ಎಸ್‌ಇಡಿ ಎಂಬ ಪಠ್ಯ ಫೈಲಿನಲ್ಲಿ ಉಳಿಸಿಕೊಂಡರೆ ಮುಂದಿನ ಸಲ ಒಂದೂ ಪ್ರಶ್ನೆಯಿಲ್ಲದೆ ಕಟ್ಟಬಹುದು. ಇದು ನನಗೆ ಬಹಳ ಹಿಡಿಸಿತು.

ಆದರೆ ಅದಕ್ಕೆ ಉಪಫೋಲ್ಡರುಗಳ ಪರಿವೆಯೇ ಇಲ್ಲ. ಚಿತ್ರಗಳ ಫೋಲ್ಡರು, ಭಾಷಾ ಫೈಲುಗಳ ಫೋಲ್ಡರು ಎಂದು ನಾನು ವಿಂಗಡಿಸಿಟ್ಟಿದ್ದೆಲ್ಲ ಒಂದೇ ಮಟ್ಟದಲ್ಲಿ ಹರಡಿಕೊಂಡಿತು. ಎಲ್ಲವನ್ನೂ ಫೋಲ್ಡರುಗಳ ಸಮೇತ ಒಂದೇ ಕಟ್ಟಾಗಿಸಿ, ಜಿಜಿಪ್ ರೂಪದಲ್ಲಿ ಕುಗ್ಗಿಸಿದ ಟಾರ್ ಫೈಲಾಗಿ ಮಾಡಿ ಅದನ್ನೇ ಒಳಗಿಟ್ಟೆ. ಬಿಚ್ಚುವ ಕೆಲಸವನ್ನು ಆದೇಶಗಳ ಪಟ್ಟಿಯಾದ ಬ್ಯಾಚ್ ಫೈಲಿಗೆ ವಹಿಸಿದೆ. ವಿಂಡೋಸ್ 10ರ 1803ನೇ ಆವೃತ್ತಿಯಿಂದ ಟಾರ್ ಆದೇಶ ವ್ಯವಸ್ಥೆಯಲ್ಲೇ ಇದೆ. ಇನ್ನೊಂದು ತೊಡಕು ಗಮನಕ್ಕೆ ಬರಲು ಹೊತ್ತು ಹಿಡಿಯಿತು. ಫೈಲುಗಳು ಬಿಚ್ಚಿಕೊಳ್ಳುವುದು ಐಎಕ್ಸ್‌ಪಿ000 ಎಂದು ಶುರುವಾಗುವ ಹೆಸರಿನ ತಾತ್ಕಾಲಿಕ ಫೋಲ್ಡರಿನಲ್ಲಿ. ಆದೇಶ ಮುಗಿದೊಡನೆ ಅದು ಅಳಿದುಹೋಗುತ್ತದೆ. ನನ್ನ ಬ್ಯಾಚ್ ಫೈಲು ಇನ್ನೊಂದು ಪ್ರೋಗ್ರಾಮನ್ನು ಎಬ್ಬಿಸಿ ತಾನು ಮುಗಿದುಬಿಡುತ್ತಿತ್ತು. ಆ ಪ್ರೋಗ್ರಾಮು ಕಣ್ಣುಬಿಡುವಷ್ಟರಲ್ಲಿ ಅದರ ಫೈಲುಗಳೇ ಇರುತ್ತಿರಲಿಲ್ಲ. ಪ್ರೋಗ್ರಾಮನ್ನು ಎಬ್ಬಿಸುವ 'ಸ್ಟಾರ್ಟ್' ಆದೇಶದ ಜೊತೆ, ಅದು ಮುಗಿಯುವವರೆಗೆ ಕಾಯಿಸುವ 'ವೇಯ್ಟ್' ಸೇರಿಸಿದ ಮೇಲೆ ಸರಿಹೋಯಿತು.

ಲಿನಕ್ಸ್‌ನಲ್ಲಿ ಹೀಗೆ ಒಂದೊಂದಾಗಿ ಕೇಳುವ ಕಿಟಕಿಯೇನೂ ಇಲ್ಲ. ಶೆಲ್ (ಟೈಪ್ ಮಾಡಿದ ಆದೇಶಗಳನ್ನು ನಡೆಸುವ ಪ್ರೋಗ್ರಾಮು) ಓದುವ ಹನ್ನೊಂದು ಸಾಲಿನ ಸ್ಕ್ರಿಪ್ಟ್ ಬರೆದು ಅದರ ಬಾಲಕ್ಕೆ 'ಕ್ಯಾಟ್' ಆದೇಶದಿಂದ ಟಾರ್ ಫೈಲನ್ನು ಅಂಟಿಸಿದೆ, ಅಷ್ಟೇ. ಸ್ಕ್ರಿಪ್ಟು ತನ್ನನ್ನೇ 12ನೇ ಸಾಲಿನಿಂದ 'ಟೈಲ್' ಆದೇಶದ ಮೂಲಕ ಓದಿ ಟಾರ್‌ಗೆ ಒಪ್ಪಿಸುತ್ತದೆ. ಅಂಟಿಸಿದ ಭಾಗಕ್ಕೆ ಮೊದಲು 'ಎಕ್ಸಿಟ್' ಇರಲೇಬೇಕು. ಇಲ್ಲದಿದ್ದರೆ ಶೆಲ್ ಪಠ್ಯವಲ್ಲದ ಆ ಬೈನರಿ ಭಾಗವನ್ನೂ ಆದೇಶವೆಂದು ಓದಲು ಹೋಗುತ್ತದೆ. ಮೇಲೆ ಒಂದು ಟಿಪ್ಪಣಿ ಸಾಲು ಸೇರಿಸಿದ ದಿನ ಎಲ್ಲ ಕೆಟ್ಟಿತು: ಲೆಕ್ಕ ಒಂದು ಸಾಲು ತಪ್ಪಿ, ಇದು ಜಿಜಿಪ್ ರೂಪದಲ್ಲಿಲ್ಲ ಎಂಬ ದೂರು ಬಂತು. ಅಂದಿನಿಂದ ಸಾಲಿನ ಸಂಖ್ಯೆಯನ್ನು ಕೈಯಲ್ಲಿ ಬರೆಯುವುದಿಲ್ಲ. ಗುರುತಿನ ಸಾಲೊಂದನ್ನಿಟ್ಟು 'ಆಕ್' ಆದೇಶದಿಂದ ಅದನ್ನು ಹುಡುಕಿಸುತ್ತೇನೆ. ಅದೇ ಫೈಲು ಮ್ಯಾಕ್‌ನಲ್ಲೂ ಹಾಗೆಯೇ ಓಡಿತು.

ನನ್ನ ಒಲವು ಶೆಲ್ ಸ್ಕ್ರಿಪ್ಟಿನ ಕಡೆಗೆ. ಏನು ನಡೆಯಲಿದೆ ಎಂಬುದನ್ನು ಪಡೆದವರು ಮೊದಲ ಸಾಲುಗಳಲ್ಲೇ ಓದಿ ನೋಡಬಹುದು. ಇಎಕ್ಸ್‌ಇಯಲ್ಲಿ ಆ ಅನುಕೂಲವಿಲ್ಲ. ಆದರೆ ಟರ್ಮಿನಲ್ ಎಂದರೆ ಹಿಂಜರಿಯುವವರಿಗೆ ಐಎಕ್ಸ್‌ಪ್ರೆಸ್ ಕಟ್ಟಿದ್ದನ್ನೇ ಕಳುಹಿಸುತ್ತೇನೆ, ಎರಡು ಸಲ ಕ್ಲಿಕ್ ಮಾಡಿದರೆ ಸಾಕು. ಎರಡರ ಒಳಗೂ ಈಗ ಇರುವುದು ಒಂದೇ ಟಾರ್ ಫೈಲು.