ಕಾಯಿಂಡಿ ಸರೋವರದ ಒಂದು ದಿನದ ಪ್ರವಾಸ: ಚಾಲಕರಿಗೆ ಪೂರ್ಣ ಅಂಕ, ವೇಳಾಪಟ್ಟಿಗೆ ಅರ್ಧ

ಕಜಾಕಿಸ್ತಾನದ ಅಲ್ಮಾಟಿಯಿಂದ ಕಾಯಿಂಡಿ ಸರೋವರಕ್ಕೆ ಒಂದೇ ದಿನದಲ್ಲಿ ಹೋಗಿಬರುವ ಪ್ರವಾಸವನ್ನು ನಾವು ಅಲ್ಲಿನ ಸಂಸ್ಥೆಯೊಂದರ ಮೂಲಕ ಕಳೆದ ಸೆಪ್ಟೆಂಬರಿನಲ್ಲಿ ಕೈಗೊಂಡೆವು. ಪಾನ್‌ಫಿಲೋವ್ ಉದ್ಯಾನದ ಬಳಿ ಬೆಳಗಿನ ಜಾವ ಹತ್ತಿದ ವ್ಯಾನು ಸುಮಾರು 300 ಕಿಲೋಮೀಟರ್ ಸಾಗಿ ಸಾಟಿ ಎಂಬ ಹಳ್ಳಿಯನ್ನು ಮುಟ್ಟಿತು. ಅಲ್ಲಿಂದ ಮುಂದಕ್ಕೆ ಸೋವಿಯತ್ ಕಾಲದ ವಿನ್ಯಾಸದ ಉವಾಜ್ ಗಾಡಿ. ಹೊಳೆಯ ನೀರಿನಲ್ಲೇ ಇಳಿದು ಹತ್ತಬೇಕಾದ ಆ ದಾರಿಯಲ್ಲಿ ಚಾಲಕರು ತೋರಿದ ನಿಧಾನ ಮತ್ತು ನಿಪುಣತೆಗೆ ಎಷ್ಟು ಮೆಚ್ಚುಗೆ ಸಲ್ಲಿಸಿದರೂ ಕಡಿಮೆಯೇ.

ಸರೋವರದ ಉದ್ದ ಕೇವಲ 400 ಮೀಟರ್. 1911ರ ಜನವರಿಯ ಭೂಕಂಪದಲ್ಲಿ ಕುಸಿದ ಸುಣ್ಣಕಲ್ಲಿನ ಗುಡ್ಡ ಕಣಿವೆಗೆ ಅಡ್ಡವಾಗಿ ಬಿದ್ದು, ನೀರು ಏರುತ್ತ ಹೋಗಿ, ಅಲ್ಲಿದ್ದ ಸ್ಪ್ರೂಸ್ ಕಾಡು ನಿಂತಲ್ಲೇ ಮುಳುಗಿತು. ಮೇಲೆ ಕಾಣುವುದು ಬೋಳು ಕಾಂಡಗಳಾದರೂ, ನೀರಿನ ತಣ್ಪಿನಿಂದಾಗಿ ಒಳಗಿನ ಕೊಂಬೆಗಳಲ್ಲಿ ಸೂಜಿಯೆಲೆಗಳು ಇಂದಿಗೂ ಉಳಿದಿವೆ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದಾಗ ಎದ್ದು ನಿಲ್ಲುವ ಒಣ ಮರಗಳನ್ನು ಕಂಡಿದ್ದ ನನಗೆ ದಡದಲ್ಲಿ ಮಾತೇ ಹೊರಡಲಿಲ್ಲ.

ಇಂತಹ ಸ್ಥಳಕ್ಕೆ ಅವರು ಕೊಟ್ಟದ್ದು 40 ನಿಮಿಷ! ಅದರಲ್ಲಿ ಬಹುಪಾಲು ಫೋಟೊಗಳಿಗೇ ಹೋಯಿತು. ಇಳಿಜಾರಿನಲ್ಲಿ ಗೋಪುರದಂತೆ ನೇರವಾಗಿ ನಿಂತಿದ್ದ ಜೀವಂತ ಮರಗಳನ್ನು ತೋರಿಸಿ ಕೇಳಿದಾಗ ಮಾರ್ಗದರ್ಶಿ 'ಪೈನ್' ಎಂದರು. ಪೈನಿನ ಎಲೆಗಳು ಗೊಂಚಲಾಗಿ ಹುಟ್ಟುತ್ತವೆ. ಇಲ್ಲಿ ಒಂದೊಂದೇ ಸೂಜಿ ಕಡ್ಡಿಗೆ ಅಂಟಿತ್ತು, ಕಾಯಿಗಳು ಕೆಳಮುಖವಾಗಿ ತೂಗುತ್ತಿದ್ದವು. ಇದು ಕಜಾಕರು ಶಿರ್ಶಾ ಎನ್ನುವ, ತಿಯಾನ್ ಶಾನ್ ಪರ್ವತಗಳ ತೇವ ಉಳಿಯುವ ಉತ್ತರದ ಇಳಿಜಾರುಗಳಲ್ಲಿ 40 ಮೀಟರನ್ನೂ ಮೀರಿ ಬೆಳೆಯುವ ಶ್ರೆಂಕ್ ಸ್ಪ್ರೂಸ್. ನೀರಿನಲ್ಲಿ ನಿಂತಿರುವುದೂ ಇದೇ ಮರ. ನಾವು ಬೆಳಿಗ್ಗೆ ವ್ಯಾನು ಹತ್ತಿದ ಉದ್ಯಾನದೊಳಗಿನ, 1907ರಲ್ಲಿ ಪೂರ್ಣಗೊಂಡ ಮರದ ಚರ್ಚನ್ನು ಕಟ್ಟಿರುವುದೂ ಇದರಿಂದಲೇ, ಮತ್ತು ಊರನ್ನೇ ಕೆಡವಿದ ಅದೇ 1911ರ ಭೂಕಂಪವನ್ನು ಆ ಕಟ್ಟಡ ತಾಳಿಕೊಂಡಿತು. ಹೊರಡುವ ಮುನ್ನ ಅದರ ಮುಂದೆ ಹತ್ತು ನಿಮಿಷ ನಿಲ್ಲಿಸಿ ಇಷ್ಟನ್ನು ಹೇಳಿದ್ದರೆ ಇಡೀ ಪ್ರಯಾಣದ ಅರ್ಥವೇ ಬೇರೆಯಾಗುತ್ತಿತ್ತು.

ಮಧ್ಯಾಹ್ನದ ಊಟ ಸಾಧಾರಣವಾಗಿತ್ತು. ಸಸ್ಯಾಹಾರಿಗಳು ಬುತ್ತಿ ಒಯ್ಯುವುದು ಲೇಸು. ಉವಾಜ್ ಗಾಡಿಯ ಬಾಡಿಗೆ ಪ್ರವಾಸದ ದರದಲ್ಲಿ ಸೇರಿದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಮರಗಳಿಗಾಗಿಯೇ ಹೋಗುವವರು ಈ ಒಂದು ದಿನದ ಪ್ರವಾಸವನ್ನು ಬಿಟ್ಟು, ಸಾಟಿಯ ಅತಿಥಿಗೃಹವೊಂದರಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಜನ ಸೇರುವ ಮೊದಲೇ ಸರೋವರವನ್ನು ತಲುಪಲಿ.